ಅಜ್ಜಿ ಹೂ ಹಂಚಿದ ದಾರಿ

ಅಜ್ಜಿ ಮತ್ತೆ ನಿಂತುಬಿಟ್ಟಳು.

ಈ ಸಲ ನಿಂತದ್ದು ಫುಟ್‌ಪಾತಿನ ಪಕ್ಕದ ಒಂದು ಕಂಬದ ಮುಂದೆ. ಕಂಬದ ಮೇಲೆ ಗೊಂಬೆಮನೆಯಷ್ಟು ಪುಟ್ಟದೊಂದು ಗುಡಿ. ಗುಡಿಯ ಮುಂದೆ ಬಾಳೆಹಣ್ಣು, ಊದಿನಕಡ್ಡಿ, ಒಂದು ಬಾಟಲಿ ಕೆಂಪು ಜ್ಯೂಸು. ಜ್ಯೂಸಿಗೆ ಸ್ಟ್ರಾ ಕೂಡ ಹಾಕಿಟ್ಟಿದ್ದರು. ಅಜ್ಜಿ ಚಪ್ಪಲಿ ಬಿಟ್ಟು ಕೈ ಮುಗಿದಳು. ಆಮೇಲೆ ಪಕ್ಕದ ಮನೆಯವರ ಜೊತೆ ಮಾತಾಡುವ ಹಾಗೆ ಗುಡಿಯೊಳಗೆ ಇಣುಕಿ, "ನಿಮ್ಮೂರಲ್ಲಿ ಸೆಕೆ ಜಾಸ್ತಿ ಕಣಪ್ಪ. ಅದ್ಕೇ ನಿಂಗೂ ತಂಪಾಗಿರೋದು ಕುಡ್ಯಕೆ ಕೊಟ್ಟವ್ರೆ" ಎಂದಳು.

ಶಾಂತಲಾ ಕಿಸಕ್ಕನೆ ನಕ್ಕು ಮೊಬೈಲ್ ಎತ್ತಿ ವಿಡಿಯೋ ಮಾಡಿದಳು. ಅನುಶ್ರೀಗೆ ಕಿವಿ ಬಿಸಿಯಾಯಿತು.

"ಅವ್ರು ನಿಮ್ಮಜ್ಜಿನಾ?" ಶಾಂತಲಾ ಕೇಳಿದಳು.

"ಹ್ಞೂಂ. ನಮ್ಮಪ್ಪನ ಕಡೆ" ಎಂದಳು ಅನುಶ್ರೀ. ಅಪ್ಪನ ಕಡೆ ಎಂದರೆ ತನಗೆ ಸ್ವಲ್ಪ ದೂರ ಎನ್ನುವ ಹಾಗಿತ್ತು ಅವಳ ದನಿ.

ಅನುಶ್ರೀಯ ಅಪ್ಪ ಮಹೇಂದ್ರನಿಗೆ ಪಿರಿಯಾಪಟ್ಟಣದಲ್ಲಿ ಗೊಬ್ಬರದ ಅಂಗಡಿ. ಈ ವರ್ಷ ಚೆನ್ನಾಗಿ ವ್ಯಾಪಾರ ಮಾಡಿದ ಅಂಗಡಿಯವರನ್ನೆಲ್ಲ ಕಂಪನಿಯವರು ಬ್ಯಾಂಕಾಕ್ ಟೂರಿಗೆ ಕಳಿಸಿದ್ದರು. ಒಂದು ಅಂಗಡಿಗೆ ಎರಡು ಟಿಕೆಟ್. ಅಮ್ಮ ಬರುವ ಹಾಗಿರಲಿಲ್ಲ. ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನಲ್ಲಿ ಸೊಪ್ಪು ಬೇಯುತ್ತಿತ್ತು. ಬೆಂಕಿ ನೋಡಿಕೊಳ್ಳುವವರು ಒಬ್ಬರು ಮನೆಯಲ್ಲಿ ಇರಲೇಬೇಕು. "ಅತ್ತೆ ಹುಣಸೂರು ದಾಟಿ ಮೈಸೂರು ನೋಡಿರೋದೇ ಹೆಚ್ಚು. ಅವರನ್ನ ಕರ್ಕೊಂಡೋಗಿ" ಎಂದು ಅಮ್ಮನೇ ಹೇಳಿದಳು. ದಸರಾ ರಜೆ ಇತ್ತಲ್ಲ, ಅಪ್ಪ ಇನ್ನೊಂದು ಟಿಕೆಟ್ ತೆಗೆಸಿ ಅನುಶ್ರೀಯನ್ನೂ ಹೊರಡಿಸಿದ.

ಶಾಂತಲಾ ಕೆ.ಆರ್. ನಗರದ ಅಂಗಡಿಯ ಶಿವನಂಜಪ್ಪನವರ ಮಗಳು. ಮೈಸೂರಿನ ದೊಡ್ಡ ಸ್ಕೂಲಿನಲ್ಲಿ ಆರನೇ ಕ್ಲಾಸು. ಏರೋಪ್ಲೇನಿನಲ್ಲಿ ಅವಳೇ ಮಾತಾಡಿಸಿದ್ದಳು. ಅಂದಿನಿಂದ ಅನುಶ್ರೀಗೆ ಅವಳ ಗೆಳೆತನ ಎಲ್ಲಿ ಕೈತಪ್ಪಿಹೋಗುತ್ತದೋ ಎಂದು ಒಂದೇ ಚಿಂತೆ.

ಅವತ್ತು ಬಸ್ಸಿನ ಸವಾರಿ ಇರಲಿಲ್ಲ. ಹಳೇ ಬ್ಯಾಂಕಾಕನ್ನು ಕಾಲ್ನಡಿಗೆಯಲ್ಲೇ ನೋಡಬೇಕು ಎಂದು ಟೂರ್ ಮ್ಯಾನೇಜರ್ ಸಿದ್ದರಾಜು ಹಳದಿ ಬಾವುಟ ಹಿಡಿದು ಎಲ್ಲರ ಮುಂದೆ ಹೊರಟಿದ್ದರು. ಮಲಗಿರುವ ದೊಡ್ಡ ಬುದ್ಧನನ್ನು ನೋಡಿ ಆಗಿತ್ತು. ಇನ್ನು ಗಲ್ಲಿಗಳು, ಹೂವಿನ ಮಾರ್ಕೆಟ್ಟು, ಅದನ್ನು ದಾಟಿದರೆ ಹೊಳೆಯ ದೊಡ್ಡ ಸೇತುವೆ. ಸೇತುವೆಯ ಬುಡದಲ್ಲಿ ಬಸ್ಸು ಕಾಯುತ್ತಿರುತ್ತದೆ, ಅಲ್ಲಿಂದ ಊಟಕ್ಕೆ.

ಸಿದ್ದರಾಜು ಎಲ್ಲರ ಕೊರಳಿಗೂ ಒಂದೊಂದು ಕಾರ್ಡು ಹಾಕಿಸಿದ್ದರು. ಅದರಲ್ಲಿ ಹೆಸರು, ಹೋಟೆಲಿನ ವಿಳಾಸ, ಫೋನ್ ನಂಬರು. ಅಜ್ಜಿ ಮಾತ್ರ ತನ್ನದನ್ನು ತೆಗೆದು ಅನುಶ್ರೀಯ ಕೈಗೆ ಕೊಟ್ಟಿದ್ದಳು. ಸಾಲ ಕೊಟ್ಟ ಬ್ಯಾಂಕಿನವರು ಹಸುವಿನ ಕಿವಿಗೆ ಓಲೆ ಹೊಡೆಯುತ್ತಾರಲ್ಲ, ಹಾಗಿದೆ ಇದು ಎಂದು ಅಜ್ಜಿಯ ತಕರಾರು. ಕಾರ್ಡು ಅನುಶ್ರೀಯ ಹಳದಿ ಫ್ರಾಕಿನ ಜೇಬು ಸೇರಿತ್ತು. ಅಜ್ಜಿಯ ಕೈ ಬಿಡಬೇಡ ಎಂದು ಹೇಳಿ ಅಪ್ಪ ಮುಂದಿನವರ ಜೊತೆ ಮಾತಾಡುತ್ತ ಹೋಗಿದ್ದ.

ಕೈ ಬಿಡದೆ ನಡೆಯುವುದು ಹೇಗೆ? ಅಜ್ಜಿ ಕಂಡಕಂಡಲ್ಲಿ ನಿಲ್ಲುತ್ತಿದ್ದಳು. ಮೀನು ಹುರಿಯುವವಳ ಹತ್ತಿರ ನಿಂತು ಯಾವ ಎಣ್ಣೆ ಎಂದು ಕೇಳಿದಳು. ಕಾವಿ ಬಟ್ಟೆಯ ಹುಡುಗ ಸನ್ಯಾಸಿಯನ್ನು ನಿಲ್ಲಿಸಿ ಊಟ ಆಯಿತಾ ಎಂದಳು. ಎಲ್ಲವೂ ಕನ್ನಡದಲ್ಲೇ, ಅದೂ ಹೊಲದ ಆ ತುದಿಗೆ ಕೇಳುವ ದನಿಯಲ್ಲಿ. ಅವರೂ ಅವರ ಭಾಷೆಯಲ್ಲಿ ಏನೋ ಹೇಳಿ ನಗುತ್ತಿದ್ದರು.

ಹೂವಿನ ಮಾರ್ಕೆಟ್ ಬಂತು. ಗೋಣಿಗಟ್ಟಲೆ ಚೆಂಡುಹೂವು, ಬುಟ್ಟಿಗಟ್ಟಲೆ ಕಮಲದ ಮೊಗ್ಗು. ಸಾಲಾಗಿ ಕೂತ ಹೆಂಗಸರು ಮೊಳದುದ್ದದ ಸೂಜಿಗೆ ಹೂ ಪೋಣಿಸಿ ಪುಟ್ಟ ಪುಟ್ಟ ಹಾರ ಮಾಡುತ್ತಿದ್ದರು. ಅವೆಲ್ಲ ದೇವರಿಗೆ, ಇಲ್ಲಿಯವರು ಮುಡಿಯುವುದಿಲ್ಲ ಎಂದು ಸಿದ್ದರಾಜು ಬೆಳಿಗ್ಗೆಯೇ ಹೇಳಿದ್ದರು. ಅಜ್ಜಿ ಬಿಡಿ ಮಲ್ಲಿಗೆ ಮೊಗ್ಗಿನ ಅಂಗಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತೇಬಿಟ್ಟಳು. ದುಂಡುಮಲ್ಲಿಗೆಯನ್ನು ಹಿಡಿಯಲ್ಲಿ ಹಿಡಿದು, ಬೆರಳಿನಲ್ಲೇ ಚೌಕಾಸಿ ಶುರುಮಾಡಿದಳು.

"ಬಾರೇ, ಅಲ್ಲಿ ಎಳನೀರು ಚಿಪ್ಪಲ್ಲಿ ಐಸ್‌ಕ್ರೀಮ್ ಕೊಡ್ತಿದಾರೆ" ಎಂದು ಶಾಂತಲಾ ಎಳೆದಳು.

ಅನುಶ್ರೀ ಅಜ್ಜಿಯನ್ನು ನೋಡಿದಳು. ಅಜ್ಜಿ ಬೆನ್ನು ಮಾಡಿ ಕೂತಿದ್ದಳು. ಬೇಗ ಬಾ ಎಂದು ಅನುಶ್ರೀ ಹೇಳಿದಳೋ, ಹೇಳಿದೆ ಎಂದುಕೊಂಡಳೋ, ಅವಳಿಗೇ ತಿಳಿಯದು. ಶಾಂತಲಾ ಜೊತೆ ಓಡಿದಳು.

ಐಸ್‌ಕ್ರೀಮ್ ಮುಗಿಯಿತು. ಶಿವನಂಜಪ್ಪನವರು ಬಂದು, ಬಸ್ಸು ಅಗೋ ಅಲ್ಲೇ ಇದೆ ಎಂದು ಮಗಳನ್ನು ಕರೆದುಕೊಂಡು ಹೊರಟರು. ನಿಮ್ಮವರೆಲ್ಲಿ ಎಂದು ಅನುಶ್ರೀಯನ್ನು ಕೇಳಿದರು. ಹಿಂದೆಯೇ ಬರುತ್ತಿದ್ದಾರೆ ಎಂದು ಅವಳು ಕೈ ತೋರಿಸಿದಳು.

ಕೈ ತೋರಿಸಿದ ಕಡೆ ತಿರುಗಿ ನೋಡಿದರೆ ಅಜ್ಜಿ ಇರಲಿಲ್ಲ.

ಮೊದಲು ಕಾಯ್ದಳು. ಆಮೇಲೆ ಮೊಗ್ಗಿನ ಅಂಗಡಿಯವರೆಗೆ ವಾಪಸ್ ನಡೆದಳು. ಅಜ್ಜಿ ಕೂತಿದ್ದ ಜಾಗದಲ್ಲಿ ಒಂದು ಬಕೆಟ್ ಇತ್ತು. ಅನುಶ್ರೀಯ ಕೈ ತಾನಾಗಿ ಜೇಬಿಗೆ ಹೋಯಿತು. ವಿಳಾಸದ ಕಾರ್ಡು ಅಲ್ಲೇ ಇತ್ತು. ಅಜ್ಜಿಯ ಹತ್ತಿರ ಫೋನಿಲ್ಲ, ಹೋಟೆಲಿನ ಹೆಸರು ಗೊತ್ತಿಲ್ಲ, ಕನ್ನಡ ಬಿಟ್ಟು ಬೇರೆ ಮಾತು ಬಾರದು. ಅಪ್ಪನಿಗೆ ಹೇಳಲು ಬಸ್ಸಿನ ಹತ್ತಿರ ಓಡಬಹುದಿತ್ತು. ಆದರೆ ಅಷ್ಟರಲ್ಲಿ ಅಜ್ಜಿ ಇನ್ನೂ ಎಷ್ಟು ದೂರ ಹೋಗಿರುತ್ತಾಳೋ.

ಅಂಗಡಿಯ ಹೆಂಗಸು ಅವಳನ್ನೇ ನೋಡುತ್ತಿದ್ದಳು. ಅನುಶ್ರೀ ಸೆರಗು ಹೊದ್ದ ಹಾಗೆ, ತುರುಬು ಕಟ್ಟಿದ ಹಾಗೆ ಅಭಿನಯ ಮಾಡಿ ತೋರಿಸಿದಳು. ಹೆಂಗಸಿನ ಕಣ್ಣರಳಿತು. ತನ್ನ ಕೈಯನ್ನು ಅನುಶ್ರೀಯ ಎತ್ತರಕ್ಕೆ ಹಿಡಿದಳು, ಎರಡೂ ಭುಜ ಮುಟ್ಟಿಕೊಂಡಳು, ಪಕ್ಕದ ಅಂಗಡಿಯವಳಿಗೆ ಏನನ್ನೋ ಕೂಗಿ ಹೇಳಿದಳು. ಅನುಶ್ರೀಗೆ ಒಂದೂ ಅರ್ಥವಾಗಲಿಲ್ಲ. ಆದರೆ ಹೆಂಗಸು ಕೂಗಲು ಅತ್ತ ತಿರುಗಿದಾಗ ಅವಳ ಮೋಟು ಕೂದಲಲ್ಲಿ ಕ್ಲಿಪ್ಪಿಗೆ ಸಿಕ್ಕಿಸಿದ ಒಂದು ತುಂಡು ಮಲ್ಲಿಗೆ ಕಂಡಿತು.

ಪೋಣಿಸಿದ್ದಲ್ಲ. ಕೈಯಲ್ಲಿ ಕಟ್ಟಿದ್ದು.

ಈ ಕಡೆ ಎರಡು ಮೊಗ್ಗು, ಆ ಕಡೆ ಎರಡು ಮೊಗ್ಗು, ನಡುವೆ ದಾರದ ಬಿಗಿ ಗಂಟು. ಅಜ್ಜಿ ಜಗಲಿಯಲ್ಲಿ ಕೂತು ಕಟ್ಟುತ್ತಾಳೆ, ಬಸ್ಸಿನಲ್ಲಿ ಕಟ್ಟುತ್ತಾಳೆ, ಹೊಲದಿಂದ ಬರುವಾಗ ನಡೆಯುತ್ತಲೇ ಕಟ್ಟುತ್ತಾಳೆ. ಈ ಇಡೀ ಮಾರ್ಕೆಟ್ಟಿನಲ್ಲಿ ಹಾಗೆ ಹೂ ಕಟ್ಟುವವರು ಇನ್ನೊಬ್ಬರಿರಲಿಲ್ಲ.

ಹೆಂಗಸು ಎಡಗಡೆಯ ಗಲ್ಲಿ ತೋರಿಸಿದಳು. ಅನುಶ್ರೀ ಹೊರಟಳು.

ಗಲ್ಲಿ ಎರಡಾಗಿ ಒಡೆಯಿತು. ಯಾವ ಕಡೆ ಹೋಗುವುದು? ಅವಳು ಹೆಂಗಸರ ತಲೆಗಳನ್ನು ನೋಡತೊಡಗಿದಳು. ಬೋಳು ತುರುಬು, ಬಣ್ಣ ಹಾಕಿದ ಜುಟ್ಟು, ದೊಡ್ಡ ಹುಲ್ಲುಟೋಪಿ. ಇಷ್ಟು ಹೊತ್ತೂ ತನ್ನನ್ನು ಯಾರು ನೋಡುತ್ತಿದ್ದಾರೆ ಎಂದು ನೋಡಿಕೊಂಡು ಬಂದಿದ್ದ ಹುಡುಗಿ ಈಗ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಡೆದಳು. ಒಬ್ಬಳು ಮಾವಿನಹಣ್ಣು ಹೆಚ್ಚಿ ಅನ್ನದ ಜೊತೆ ಕಟ್ಟಿಕೊಡುತ್ತಿದ್ದಳು. ಒಬ್ಬಳು ಬಾಳೆಎಲೆಯನ್ನು ದೊನ್ನೆ ಮಾಡಿ ಅದರಲ್ಲಿ ಹೂ, ದೀಪ ಜೋಡಿಸುತ್ತಿದ್ದಳು. ಥೇಟು ನಮ್ಮೂರಿನ ಹಾಗೆ ಎಲೆಗೆ ಕಡ್ಡಿ ಚುಚ್ಚುತ್ತಿದ್ದಳು.

ಬಲಗಡೆ ಒಂದು ತಳ್ಳುಗಾಡಿ. ಕೆಂಡದ ಮೇಲೆ ಬಾಳೆಹಣ್ಣು ಸುಡುತ್ತಿದ್ದವಳು ಕ್ರಿಕೆಟ್ ಆಟಗಾರರ ಹಾಗೆ ಟೋಪಿ ಹಾಕಿದ್ದಳು. ಟೋಪಿಯ ಹಿಂದಿನ ತೂತಿಗೆ ಮಲ್ಲಿಗೆ ಸಿಕ್ಕಿಸಿತ್ತು.

ಅವಳೂ ಹಾಗೇ ಮಾಡಿದಳು. ಎತ್ತರಕ್ಕೆ ಕೈ, ಎರಡು ಭುಜ, ದೊಡ್ಡ ನಗು. ಸುಟ್ಟ ಬಾಳೆಹಣ್ಣೊಂದನ್ನು ಕಡ್ಡಿಗೆ ಚುಚ್ಚಿ ಅನುಶ್ರೀಯ ಕೈಗಿಟ್ಟು, ಕಾಲುವೆಯ ಕಡೆ ಬೆರಳು ತೋರಿಸಿ, ಬೇಗ ಹೋಗು ಎನ್ನುವಂತೆ ಬೆನ್ನು ತಟ್ಟಿದಳು.

ಕಾಲುವೆಯ ಹತ್ತಿರ ಚಪ್ಪಲಿ ಅಂಗಡಿ. ಅದರಲ್ಲಿ ಅನುಶ್ರೀಯಷ್ಟೇ ವಯಸ್ಸಿನ ಹುಡುಗಿ ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಗಿಡ್ಡ ಕೂದಲಿನಲ್ಲಿ ಮಲ್ಲಿಗೆ ನಿಲ್ಲದೆ ಕಿವಿಯ ಮೇಲೆ ಜಾರಿ ಬಿದ್ದಿತ್ತು. ಅನುಶ್ರೀಯನ್ನು ಕಂಡವಳೇ ಸ್ಟೂಲಿನಿಂದ ಧುಮುಕಿದಳು.

"ಯೂ? ಯೂ... ಗ್ರ್ಯಾಂಡ್‌ಮಾ?"

"ಯೆಸ್, ಮೈ ಗ್ರ್ಯಾಂಡ್‌ಮಾ" ಎಂದಳು ಅನುಶ್ರೀ. "ವೇರ್?"

ಹುಡುಗಿ ಅವಳ ಕೈ ಹಿಡಿದು ಎಳೆದುಕೊಂಡೇ ಓಡಿದಳು.

ಕಾಲುವೆಯ ದಡದಲ್ಲಿ ಒಂದು ದೊಡ್ಡ ಅರಳಿಮರ. ಅದರ ಬೊಡ್ಡೆಗೆ ಹಸಿರು, ಗುಲಾಬಿ, ಹಳದಿ ಬಟ್ಟೆ ಸುತ್ತಿದ್ದರು, ದೇವರಿಗೆ ಸೀರೆ ಉಡಿಸಿದ ಹಾಗೆ. ಕಟ್ಟೆಯ ಮೇಲೆ ಅಜ್ಜಿ ಕೂತಿದ್ದಳು. ಪಕ್ಕದಲ್ಲಿ ಆ ಊರಿನ ಮುದುಕಿಯೊಬ್ಬಳು ಅಜ್ಜಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು. ಅಜ್ಜಿಯ ಬೆರಳು ಇನ್ನೂ ಹೂ ಕಟ್ಟುತ್ತಲೇ ಇತ್ತು. ಕಣ್ಣು ಮಾತ್ರ ದಾರಿಯ ಮೇಲಿತ್ತು.

ಅನುಶ್ರೀಯನ್ನು ಕಂಡದ್ದೇ ಅಜ್ಜಿ ಎದ್ದಳು. ಮಡಿಲಿನಲ್ಲಿದ್ದ ಮೊಗ್ಗು ನೆಲಕ್ಕೆ ಚೆಲ್ಲಿತು.

"ಎಲ್ಲೋಗಿದ್ಯಾ ಮಗ? ನಿನ್ನ ಹುಡ್ಕಿ ಹುಡ್ಕಿ ಸಾಕಾಯ್ತಲ್ಲ."

ಕಳೆದುಹೋದದ್ದು ಅಜ್ಜಿ ಅಲ್ಲವೇ?

ಅಜ್ಜಿ ಸೆರಗಿನಿಂದ ಅವಳ ಮುಖ ಒರೆಸುತ್ತ ನಡೆದದ್ದನ್ನೆಲ್ಲ ಹೇಳಿದಳು. ಮೊಗ್ಗು, ದಾರ ಕೊಂಡು ತಿರುಗಿದರೆ ಮಗು ಇಲ್ಲ. ಅಂಗಡಿಯವಳಿಗೆ ಒಂದು ತುಂಡು ಹೂ ಕಟ್ಟಿಕೊಟ್ಟು ಮಗು ಎಲ್ಲಿ ಎಂದು ಕೇಳುತ್ತಿದ್ದಳು. ಹಳದಿ ಫ್ರಾಕಿನ ಯಾವುದೋ ಹುಡುಗಿ ಗಲ್ಲಿಯೊಳಗೆ ಹೋದದ್ದು ಕಂಡು, ಅನುಶ್ರೀಯೇ ಇರಬೇಕೆಂದು ಹಿಂದೆ ಬಿದ್ದಳು. ನೋಡಿದರೆ ಅದು ಬೇರೆಯವರ ಮಗು. ಅಲ್ಲಿಂದ ಕಂಡವರನ್ನೆಲ್ಲ ಕೇಳಿಕೊಂಡು ಬಂದಳು. ಕಾಲು ಸೋತಾಗ ಈ ಮುದುಕಮ್ಮ ಕೂರಿಸಿಕೊಂಡಳು.

"ಎಲ್ಲಾರ್ಗೂ ಹೂ ಯಾಕೆ ಕೊಟ್ಟೆ ಅಜ್ಜಿ? ಇಲ್ಲಿ ಯಾರೂ ಮುಡ್ಕೊಳಲ್ವಂತೆ."

"ಮತ್ತೆ ಬರೀ ಕೈಲಿ ಹೋಗಿ, ನನ್ ಮಗ ಹುಡುಕ್ಕೊಡಿ ಅನ್ನಕಾಯ್ತದಾ? ಅವ್ರಿಗೂ ಅವ್ರ ಕೆಲ್ಸ ಇರಲ್ವಾ?"

"ಕನ್ನಡದಲ್ಲಿ ಕೇಳಿದ್ರೆ ಅವ್ರಿಗೆ ಹೆಂಗೆ ಗೊತ್ತಾಯ್ತದೆ?"

ಅಜ್ಜಿ ತಾನು ಕೇಳಿದ ಬಗೆಯನ್ನು ಮಾಡಿ ತೋರಿಸಿದಳು. ಅನುಶ್ರೀಯ ಎತ್ತರಕ್ಕೆ ಕೈ ಹಿಡಿದಳು. ಆಮೇಲೆ ಎರಡೂ ಭುಜದ ಮೇಲಿಂದ ಕೈ ಇಳಿಸಿದಳು. ಅನುಶ್ರೀಯ ಎರಡು ಜಡೆ.

ಮೊಗ್ಗಿನ ಅಂಗಡಿಯವಳು, ಬಾಳೆಹಣ್ಣಿನವಳು, ಈ ಹುಡುಗಿ, ಎಲ್ಲರೂ ಅವಳನ್ನು ಕಂಡಾಗ ಯಾಕೆ ಹಾಗೆ ನಕ್ಕರು ಎಂದು ಈಗ ತಿಳಿಯಿತು. ಹೆಸರೂ ಗೊತ್ತಿಲ್ಲದ ಅಷ್ಟು ಜನ, ಅಷ್ಟು ಹೊತ್ತು ಅವಳಿಗಾಗಿಯೇ ದಾರಿ ನೋಡುತ್ತಿದ್ದರು.

"ನಾನು ಬೇಕೂಂತಲೇ ಮುಂದೆ ಹೋದೆ ಅಜ್ಜಿ" ಎಂದಳು, ನೆಲ ನೋಡುತ್ತ.

"ಗೊತ್ತು ಬುಡು" ಎಂದಳು ಅಜ್ಜಿ.

ಅಷ್ಟೇ. ಬಗ್ಗಿ ಚೆಲ್ಲಿದ ಮೊಗ್ಗು ಆರಿಸತೊಡಗಿದಳು. ಅನುಶ್ರೀಯೂ ಕೂತು ಆರಿಸಿದಳು. ಚಪ್ಪಲಿ ಅಂಗಡಿಯ ಹುಡುಗಿಯೂ ಆರಿಸಿದಳು.

ಹೊರಡುವಾಗ ಅಜ್ಜಿ ಕಟ್ಟಿ ಮುಗಿಸಿದ್ದ ತುಂಡನ್ನು ಮುದುಕಿಗೆ ಕೊಟ್ಟಳು. ಮುದುಕಿ ಅದನ್ನು ಎರಡು ತುಂಡು ಮಾಡಿ, ಒಂದನ್ನು ತಾನು ಇಟ್ಟುಕೊಂಡು, ಇನ್ನೊಂದನ್ನು ಅಜ್ಜಿಯ ತುರುಬಿಗೆ ಸಿಕ್ಕಿಸಲು ಬಂದಳು. ಅಜ್ಜಿ ಹಿಂದೆ ಸರಿದಳು. ತಾತ ಹೋದ ಮೇಲೆ ಅಜ್ಜಿ ಹೂ ಮುಡಿದದ್ದನ್ನು ಅನುಶ್ರೀ ಕಂಡೇ ಇರಲಿಲ್ಲ. ಮುದುಕಿಗೆ ಅದೆಲ್ಲ ಏನು ಗೊತ್ತು? ಹಲ್ಲಿಲ್ಲದ ಬಾಯಲ್ಲಿ ನಗುತ್ತ ಸಿಕ್ಕಿಸಿಯೇಬಿಟ್ಟಳು. ಅಜ್ಜಿಯ ಕೈ ತುರುಬಿನವರೆಗೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಹೂವನ್ನು ತೆಗೆಯದೆ ಕೆಳಗಿಳಿಯಿತು.

"ನಡಿ" ಎಂದಳು ಅಜ್ಜಿ. "ಸಿಕ್ಕಿದ್ಲು ಅಂತ ಎಲ್ಲಾರ್ಗೂ ಹೇಳ್ಕೊಂಡು ಹೋಗವ. ಇಲ್ಲಾಂದ್ರೆ ಉಣ್ಣಕ್ ಕೂತಾಗ್ಲೂ ಅವ್ರಿಗೆ ಅದೇ ಯೋಚ್ನೆ ಆಯ್ತದೆ."

ಬಂದ ದಾರಿಯಲ್ಲೇ ವಾಪಸ್ ನಡೆದರು. ಹುಡುಗಿ ತನ್ನ ಅಂಗಡಿಯ ಹತ್ತಿರ ಉಳಿದಳು. ಬಾಳೆಹಣ್ಣಿನವಳು ಇಬ್ಬರನ್ನೂ ಒಟ್ಟಿಗೆ ಕಂಡು ಚಪ್ಪಾಳೆ ತಟ್ಟಿದಳು. ಮೊಗ್ಗಿನ ಅಂಗಡಿಯವಳು ಎದ್ದು ಬಂದು ಅನುಶ್ರೀಯ ಕೆನ್ನೆ ಹಿಂಡಿದಳು. ಅನುಶ್ರೀ ಇಬ್ಬರಿಗೂ ಕೈ ಮುಗಿದಳು. ಅವರೂ ಹಾಗೆಯೇ ಕೈ ಮುಗಿದರು.

ಬಸ್ಸಿನ ಹತ್ತಿರ ಅಪ್ಪ ಬೆವತು ನಿಂತಿದ್ದ. ಸಿದ್ದರಾಜು ಮಾರ್ಕೆಟ್ಟಿನ ಕಡೆ ಒಂದು ಸುತ್ತು ಹುಡುಕಿ ಬಂದು ಏದುಸಿರು ಬಿಡುತ್ತಿದ್ದರು. ಅಪ್ಪ ಬೈಯಲು ಬಾಯಿ ತೆರೆದವನು ಅಜ್ಜಿಯ ತುರುಬು ನೋಡಿದ. "ಹತ್ತವ್ವ, ಊಟಕ್ಕೆ ಲೇಟಾಯ್ತು" ಎಂದಷ್ಟೇ ಹೇಳಿದ.

ಅನುಶ್ರೀ ಮೊದಲು ಹತ್ತಿದಳು. ಅವಳ ಹಿಂದೆ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟ ಅಜ್ಜಿ ನಿಂತಳು. "ಅಯ್ಯೋ, ಅವಳೊಬ್ಳಿಗೆ ಹೇಳ್ನೇ ಇಲ್ಲ ಕಣ್ ಮಗ."

ಯಾರು ಎಂದರೆ ಮೋಟರ್ ಬೈಕಿನವಳು. ಕೇಸರಿ ಬಣ್ಣದ ಕೋಟು ಹಾಕಿಕೊಂಡು ಬಾಡಿಗೆಗೆ ಬೈಕ್ ಓಡಿಸುವ ಹೆಂಗಸು. ಅವಳು ಹೆಲ್ಮೆಟ್ ಹಾಕಿದ್ದರಿಂದ, ಆಯುಧಪೂಜೆಗೆ ಟ್ರ್ಯಾಕ್ಟರಿಗೆ ಕಟ್ಟುವ ಹಾಗೆ, ಅಜ್ಜಿ ಬೈಕಿನ ಹ್ಯಾಂಡಲ್ಲಿಗೇ ಹೂ ಕಟ್ಟಿದ್ದಳು. ಅವಳು ಒಂದು ಮಾತೂ ಆಡದೆ ಬೈಕ್ ತಿರುಗಿಸಿ ಅನುಶ್ರೀಯನ್ನು ಹುಡುಕಲು ಹೋಗಿದ್ದಳಂತೆ.

ಈ ಊರಿನಲ್ಲಿ ಅಂಥ ಬೈಕು ಸಾವಿರಾರು ಇವೆ, ಎಲ್ಲಿ ಅಂತ ಹುಡುಕುವುದು ಎಂದರು ಸಿದ್ದರಾಜು. ಅಪ್ಪನೂ ಹೌದು ಎಂದ. ಒಳಗೆ ಕೂತವರು ಗಡಿಯಾರ ನೋಡಿದರು.

ಅನುಶ್ರೀ ಬಸ್ಸಿನಿಂದ ಕೆಳಗಿಳಿದಳು.

"ನಾವು ಹುಡುಕೋದು ಬೇಡಪ್ಪ. ಅವ್ರು ನನ್ನ ಹುಡುಕ್ತಾವ್ರೆ. ಅವ್ರಿಗೆ ಕಾಣೋ ಹಂಗೆ ನಿಂತ್ಕೊಂಡ್ರೆ ಸಾಕು."

ಸೇತುವೆಗೆ ಹತ್ತುವ ಮೆಟ್ಟಿಲ ಮೇಲೆ ಎತ್ತರದ ಜಾಗವೊಂದಿತ್ತು. ಮಾರ್ಕೆಟ್ಟಿನ ಬಾಯಿ, ಟ್ರಾಫಿಕ್ಕು, ಎಲ್ಲ ಅಲ್ಲಿಂದ ಕಾಣುತ್ತಿತ್ತು. ಅಲ್ಲಿಗೂ ಎಲ್ಲರ ಕಣ್ಣು ಬೀಳುತ್ತಿತ್ತು. ಅನುಶ್ರೀ ಅಜ್ಜಿಯನ್ನು ನಿಧಾನಕ್ಕೆ ಹತ್ತಿಸಿದಳು. ಶಾಂತಲಾ ಬಸ್ಸಿನ ಕಿಟಕಿ ಸರಿಸಿ, ಒಳಗೆ ಎಸಿ ಇದೆ, ಬಿಸಿಲಲ್ಲಿ ಯಾಕೆ ನಿಲ್ಲುತ್ತೀ ಎಂದು ಕೂಗಿದಳು.

"ನಮ್ಮಜ್ಜಿ ಜೊತೆ ಇದೀನಿ ಕಣೇ. ಆಮೇಲೆ ಬತ್ತೀನಿ."

ಗುಲಾಬಿ ಬಣ್ಣದ ಟ್ಯಾಕ್ಸಿಗಳು ಹೋದವು. ಮೂರು ಚಕ್ರದ ಆಟೋಗಳು ಹೋದವು. ಕೇಸರಿ ಕೋಟಿನ ಗಂಡಸರು ಎಷ್ಟೋ ಜನ ಹೋದರು. ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು, ಬಂದ ಬೈಕಿಗೆಲ್ಲ ಇದಲ್ಲ, ಇದಲ್ಲ ಎನ್ನುತ್ತಿದ್ದಳು. ಬಸ್ಸಿನವನು ಹಾರನ್ ಮಾಡಿದ. ಅಪ್ಪ ಅವನ ಹತ್ತಿರ ಹೋಗಿ ಏನೋ ಹೇಳಿ, ತಾನೂ ಮೆಟ್ಟಿಲ ಹತ್ತಿರ ಬಂದು ನಿಂತ.

ಆಗ ಮಾರ್ಕೆಟ್ಟಿನ ಕಡೆಯಿಂದ ಒಂದು ಬೈಕು ಬಂತು. ಮೆಲ್ಲಗೆ ಬರುತ್ತಿತ್ತು. ಓಡಿಸುವವಳು ಫುಟ್‌ಪಾತಿನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಬರುತ್ತಿದ್ದಳು. ಹ್ಯಾಂಡಲ್ಲಿನಲ್ಲಿ ಬಾಡಿದ ಬಿಳಿ ಹೂ.

ಅನುಶ್ರೀ ಕೂಗಲಿಲ್ಲ. ಅಜ್ಜಿಯ ಕೈಯನ್ನು ತನ್ನ ಕೈಯಲ್ಲಿ ಬಿಗಿಯಾಗಿ ಹಿಡಿದು, ಎರಡೂ ಕೈಯನ್ನು ಒಟ್ಟಿಗೆ ಆದಷ್ಟು ಮೇಲಕ್ಕೆ ಎತ್ತಿದಳು.